ನಾಲ್ಕು ಪಾಲು ನೀರು

ಒಂದೇ ಸಲ ಹೇಳಿದ ಮಾತು ನನ್ನ ಕಿವಿಗೆ ಇಳಿಯುವುದಿಲ್ಲವೆಂಬ ಪ್ರತೀತಿ ನಮ್ಮ ಮನೆಯಲ್ಲಿ ಬಹುಕಾಲದಿಂದ ಊರ್ಜಿತದಲ್ಲಿದೆ. ಕೊತ್ತಂಬರಿ ತರಲು ಹೋಗಿ ಕರಿಬೇವು ತಂದವನು ನಾನು. ಷಡ್ಡಕನ ಮನೆಯ ಪೂಜೆಗೆ ಮಾರನೆಯ ದಿನ ಹೋಗಿ ಪ್ರಸಾದವನ್ನೂ ಕ್ಷಮೆಯನ್ನೂ ಒಟ್ಟಿಗೆ ಬೇಡಿದವನೂ ನಾನೇ. ಇಂಥ ಮಹಾನುಭಾವನನ್ನು ಮಕ್ಕಳಿಗೆ ಪಾಠ ಕೇಳುವ ಕ್ರಮ ಕಲಿಸಲೆಂದು ಸರ್ಕಾರ ನೇಮಿಸಿತ್ತು. ಓದುಗ ಮಿತ್ರರೇ, ನೀವು ನಗುವುದು ನನ್ನನ್ನು ನೋಡಿಯೋ ಸರ್ಕಾರವನ್ನು ನೋಡಿಯೋ ಎಂಬುದು ನಿಮಗೇ ಬಿಟ್ಟದ್ದು.

ಎರಡನೆಯ ಮಹಾಯುದ್ಧ ಇನ್ನೂ ಶುರುವಾಗಿರಲಿಲ್ಲ. ಮೈಸೂರಿನ ಕಡೆಯವನಾದ ನನಗೆ ಗೌನಿಪಲ್ಲಿಯ ಹತ್ತಿರದ ಒಂದು ಹಳ್ಳಿಗೆ ವರ್ಗವಾಯಿತು. ಮಾವಿನ ತೋಪಿನ ಅಂಚಿನಲ್ಲಿ ಒಂದೇ ಕೋಣೆಯ ಶಾಲೆ. ಅಲ್ಲಿನ ಮಕ್ಕಳು ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ದಾರಿಯಲ್ಲಿ ಎರಡರ ಕಲಸುಮೇಲೋಗರ ಆಡುತ್ತಿದ್ದರು. ನನಗೆ ತೆಲುಗಿನ ಗಂಧವೂ ಇರಲಿಲ್ಲ, ಮತ್ತು ಆ ಅಜ್ಞಾನವನ್ನು ನಾನು ಒಂದು ಸದ್ಗುಣವೆಂದೇ ಭಾವಿಸಿದ್ದೆ.

ಅಲ್ಲಿ ನಾನು ಒಂದು ಹೊಸ ಅಭ್ಯಾಸ ಆರಂಭಿಸಿದೆ. ದಿನವೂ ಮಧ್ಯಾಹ್ನ ‘ಕೇಳಿ ಮಕ್ಕಳೇ’ ಎಂದು ಗಂಟಲು ಸರಿಮಾಡಿಕೊಂಡು ಒಂದು ಸಮಾಚಾರ ಹೇಳುತ್ತಿದ್ದೆ. ಆವನಿಯ ರಾಮಣ್ಣ ಗುರುವಾರ ಎರಡು ಮೂಟೆ ರಾಗಿ ಹೇರಿಕೊಂಡು ಮುಳಬಾಗಿಲಿಗೆ ಹೋದನು ಎಂಬಂಥ ಲೋಕೋಪಯೋಗಿ ಸಮಾಚಾರ. ಮಕ್ಕಳು ಅದನ್ನೆಲ್ಲ ಬರೆಯಕೂಡದು. ಯಾರು, ಯಾವುದು, ಎಷ್ಟು, ಯಾವಾಗ ಎಂಬುದನ್ನಷ್ಟೇ ಸ್ಲೇಟಿನಲ್ಲಿ ಗುರುತು ಹಾಕಿಕೊಳ್ಳಬೇಕು. ನಾನು ಹೇಳುವುದು ಒಂದೇ ಸಲ, ‘ಏನಂದ್ರಿ?’ ಎಂದವರ ಅಂಗೈಗೆ ಒಂದು ಏಟು. ಮನೆಯಲ್ಲಿ ಪ್ರತಿ ಮಾತನ್ನೂ ಮೂರು ಸಲ ಹೇಳಿಸಿಕೊಳ್ಳುವವನಿಗೆ ಈ ಕಾನೂನು ಹೇಗೆ ಹೊಳೆಯಿತೆಂದು ನೀವು ಕೇಳಬಾರದು.

ಮೂರನೆಯ ತರಗತಿಯಲ್ಲಿ ಮುನಿಲಕ್ಷ್ಮಿ ಎಂಬ ಹುಡುಗಿಯಿದ್ದಳು. ಬಾಯಿ ಬಿಡುವುದು ಅಪರೂಪ, ಆದರೆ ಅವಳ ಸ್ಲೇಟಿನಲ್ಲಿ ನಾಲ್ಕು ಪ್ರಶ್ನೆಗಳಿಗೂ ಉತ್ತರ ಇರುತ್ತಿತ್ತು. ಅವಳ ಹತ್ತು ತಿಂಗಳ ತಮ್ಮನಿಗೆ ತಲೆಯ ತುಂಬ ಹುಣ್ಣು. ನಾನು ಶಾಲೆಯ ಕೆಲಸದ ಮೇಲೆ ಶ್ರೀನಿವಾಸಪುರಕ್ಕೆ ಹೊರಟಾಗ ಅವಳ ಅಜ್ಜಿ ಒಂದು ಸೀಸೆ ಕೊಟ್ಟು, ಆಸ್ಪತ್ರೆಯಿಂದ ಔಷಧ ತರಬೇಕೆಂದು ಕೈಮುಗಿದಿದ್ದರು. ಕಾಂಪೌಂಡರು ಹುಣ್ಣು ತೊಳೆಯುವ ಔಷಧವನ್ನು ಸೀಸೆಗೆ ತುಂಬಿ, ಹೊಟ್ಟೆಗೆ ಹೋದರೆ ವಿಷವೆಂದು ಎಚ್ಚರಿಸಿ, ಅದನ್ನೇ ಇಂಗ್ಲಿಷಿನಲ್ಲಿ ಸಾರುವ ಕೆಂಪು ಚೀಟಿಯನ್ನೂ ಅಂಟಿಸಿದರು.

ಮರುದಿನ ಶಾಲೆಗೆ ಹೋಗುವ ಅವಸರದಲ್ಲಿ ಆ ಮನೆಯ ಬಾಗಿಲಲ್ಲೇ ನಿಂತು, ನನ್ನದೇ ಪದ್ಧತಿಯ ಮೇರೆಗೆ ಮುಖ್ಯಾಂಶಗಳನ್ನು ಮಾತ್ರ ಹೇಳಿದೆ: “ಒಂದು ಪಾಲು ಔಷಧ, ನಾಲ್ಕು ಪಾಲು ನೀರು, ದಿನಕ್ಕೆರಡು ಸಲ.” ಹುಣ್ಣಿಗೆ ತಂದ ಔಷಧ ಹುಣ್ಣಿಗಲ್ಲದೆ ಇನ್ನೆಲ್ಲಿಗೆ ಎಂದು ಅದನ್ನು ಹೇಳಲೇ ಇಲ್ಲ. ಅಜ್ಜಿ ತಲೆಯಾಡಿಸಿದರು. ಮುನಿಲಕ್ಷ್ಮಿ ಹೊಸಿಲ ಮೇಲೆ ಕುಳಿತು ಸ್ಲೇಟಿನಲ್ಲಿ ಗುರುತು ಹಾಕಿಕೊಂಡಳು. ನನ್ನ ಶಿಷ್ಯೆಯನ್ನು ಕಂಡು ನಾನು ಉಬ್ಬಿಹೋದೆ.

ಶಾಲೆಗೆ ಬಂದು ಹಾಜರಿ ಪುಸ್ತಕ ತೆರೆಯುವಷ್ಟರಲ್ಲಿ ಅವಳು ಏದುಸಿರು ಬಿಡುತ್ತ ಬಂದಳು. ಒಂದು ಕೈಯಲ್ಲಿ ಸ್ಲೇಟು. ಇನ್ನೊಂದು ಅಂಗೈಯನ್ನು ಏಟಿಗೆಂದು ಮುಂಚಿತವಾಗಿಯೇ ಚಾಚಿದ್ದಳು. ಕಣ್ಣು ಮುಚ್ಚಿಕೊಂಡು ಕೇಳಿದಳು: “ಎಷ್ಟು ಅಂದ್ರಿ, ಯಾವುದು ಅನ್ಲಿಲ್ಲ ಮೇಷ್ಟ್ರೇ. ಹಸೀಂದಾ, ಎಮ್ಮೇದಾ?”

“ಏನು ಹಸೀಂದು?”

“ಹಾಲು. ಅಜ್ಜಿ ಒಲೆ ಮೇಲೆ ಇಟ್ಟೌಳೆ. ಪಾಪನಿಗೆ ಔಸ್ದ ಕಲಸಿ ಕುಡಿಸೋಕೆ.”

ತೆಲುಗಿನಲ್ಲಿ ಪಾಲು ಎಂದರೆ ಹಾಲು ಎಂಬುದು ನನಗೆ ತಿಳಿದದ್ದು ಆ ಕ್ಷಣದಲ್ಲಿ. ಚಾಚಿದ ಆ ಅಂಗೈಯನ್ನೇ ಹಿಡಿದುಕೊಂಡು ಓಡಿದೆ. ಪಂಚೆ ತೊಡರಿ ಒಮ್ಮೆ ಬಿದ್ದೆ, ಅವಳೇ ಎಬ್ಬಿಸಿದಳು. ಒಳಗೆ ಹೋಗಿ ನೋಡಿದರೆ ಮಗು ಅಜ್ಜಿಯ ತೊಡೆಯ ಮೇಲಿತ್ತು. ಪಕ್ಕದಲ್ಲಿ, ಅದಕ್ಕೆ ಕುಡಿಸುವ ಒಳಲೆಯ ತಳದಲ್ಲಿ ಔಷಧ ಆಗಲೇ ಇಳಿದಿತ್ತು.

“ಕೂಕೊಳ್ಳಿ ಅಯ್ಯೋರೂ, ಪಾಲು ಇನ್ನೂ ಆರಿಲ್ಲ” ಎಂದರು ಆಕೆ, ನಗುತ್ತ.

ಒಳಲೆಯನ್ನು ಕಿತ್ತುಕೊಂಡು ಹಿತ್ತಲಿಗೆ ಎಸೆದೆ. ಮಗುವಿನ ತಲೆ, ನೀರಿನ ತಂಬಿಗೆ, ಸೀಸೆ ಇಷ್ಟನ್ನೂ ಬೆರಳಿಂದ ತೋರಿಸಿ, ತೊಳೆಯುವಂತೆ ಅಭಿನಯಿಸಿದೆ. ಸಂಗತಿ ತಿಳಿದ ಮೇಲೆ ಅಜ್ಜಿ ಮಗುವನ್ನು ಎದೆಗೆ ಒತ್ತಿಕೊಂಡು ಅತ್ತರು. ನಾನೂ ಅತ್ತೆ, ಅದನ್ನು ಮುಚ್ಚಿಡುವುದೇಕೆ?

ಶಾಲೆಗೆ ಮರಳುವಾಗ ಮುನಿಲಕ್ಷ್ಮಿಯನ್ನು ವಿಚಾರಿಸಿದೆ: ಮತ್ತೆ ಕೇಳಿದರೆ ಏಟು ಎಂದು ಗೊತ್ತಿದ್ದೂ ಹೇಗೆ ಬಂದೆ?

“ಭಯ ಆಯ್ತು ಮೇಷ್ಟ್ರೇ. ಆದ್ರೆ ದಿನಾ ‘ಕೇಳಿ ಕೇಳಿ’ ಅಂತೀರಲ್ಲ, ಅದು ವಿನೇದಾ, ಅಡಿಗೇದಾ ಅಂತ ನೀವು ಯಾವತ್ತೂ ಹೇಳೇ ಇಲ್ಲ.”

‘ವಿನೇದು’ ಎಂದರೆ ಕಿವಿಗೊಡುವುದು, ‘ಅಡಿಗೇದು’ ಎಂದರೆ ಪ್ರಶ್ನೆ ಮಾಡುವುದು; ತೆಲುಗು ಎರಡಕ್ಕೂ ಬೇರೆ ಬೇರೆ ಮಾತು ಇಟ್ಟುಕೊಂಡಿದೆ. ನನ್ನ ಕನ್ನಡ ಧಾರಾಳವಾಗಿ ಎರಡನ್ನೂ ‘ಕೇಳು’ ಎಂಬ ಒಂದೇ ಮಾತಿನಲ್ಲಿ ಕೊಟ್ಟಿದ್ದರೆ, ನಾನು ಅದರಲ್ಲಿ ಅರ್ಧವನ್ನು ನುಂಗಿ, ಉಳಿದರ್ಧವನ್ನು ಬೆತ್ತದ ತುದಿಯಿಂದ ಬಡಿಸುತ್ತಿದ್ದೆ. ಇಂಥ ಪಂಡಿತನಿಗೆ ಪಾಠ ಹೇಳಲು ಮೂರನೆಯ ತರಗತಿಯ ಹುಡುಗಿಯೇ ಬೇಕಾಯಿತು.

ಮಗುವಿನ ಹುಣ್ಣು ಎರಡು ವಾರದಲ್ಲಿ ಮಾಯಿತು. ನನ್ನ ಪಾಠ ಮಾತ್ರ ಮಾರನೆಯ ಮಧ್ಯಾಹ್ನವೇ ಬದಲಾಯಿತು. ‘ಕೇಳಿ ಮಕ್ಕಳೇ’ ಎಂದು ಶುರು ಮಾಡಿದ್ದೆನಷ್ಟೆ. ಸುದ್ದಿ ಆಗಲೇ ಊರೆಲ್ಲ ಹರಡಿತ್ತೆಂದು ಕಾಣುತ್ತದೆ.

“ವಿನೇದಾ, ಅಡಿಗೇದಾ ಮೇಷ್ಟ್ರೇ?” ಎಂದು ಹಿಂದಿನ ಸಾಲಿನಿಂದ ಯಾರೋ ಕೂಗಿದರು.

“ಎರಡೂ” ಎಂದು, ರಾಮಣ್ಣನ ಹಳೆಯ ಸಮಾಚಾರವನ್ನೇ ಮತ್ತೆ ಹೇಳಿದೆ.

ಹನ್ನೊಂದು ಕೈಗಳು ಮೇಲೆದ್ದವು. ಯಾವ ರಾಮಣ್ಣ, ಯಾಕೆ ಹೋದ, ಗಾಡಿಯಲ್ಲೋ ಕತ್ತೆಯ ಮೇಲೋ? ಆ ಮಧ್ಯಾಹ್ನವೆಲ್ಲ ಕಳೆದರೂ ನಾವು ಒಂದು ವಾಕ್ಯವನ್ನು ದಾಟಲಿಲ್ಲ.