ಹೆಜ್ಜಾರ್ಲೆಯ ಕೊಕ್ಕಿನಲ್ಲಿ ಮೈಕು

ಬೆಳಗಿನ ಆರು ಗಂಟೆಗೆ ಇನ್ನೂ ಕಾಲು ಗಂಟೆ ಇದೆ. ಆಸ್ಟ್ರೇಲಿಯಾದ ಜುಲೈ ತಿಂಗಳ ಚಳಿ. ಮರ್ರೆ ನದಿಯ ಮೇಲಿನ ಮಂಜು ಊರೊಳಕ್ಕೂ ಬಂದು ಕೂತಿದೆ. ಮರ್ರೆ ಬ್ರಿಜ್ ಪಟ್ಟಣದ ಶಾಪಿಂಗ್ ಮಾಲೊಂದರ ಹಿಂಬಾಗಿಲಲ್ಲಿ, ಲಾರಿಗಳು ಸರಕು ಇಳಿಸುವ ಕಟ್ಟೆಯ ಮೇಲೆ ನೆರಿಡಾ ಪೆಂಗಿಲಿ ಕಾಲು ಚಾಚಿ ಕೂತು ಒಂದು ಹೆಜ್ಜಾರ್ಲೆಯ ಕುತ್ತಿಗೆ ಹೊಲಿಯುತ್ತಿದ್ದಾರೆ. ತುಟಿಯ ನಡುವೆ ಎರಡು ಗುಂಡುಸೂಜಿ, ಹೆಬ್ಬೆರಳಿಗೆ ಪ್ಲಾಸ್ಟರ್. ನಿನ್ನೆಯ ಕೊನೆಯ ಆಟದಲ್ಲಿ ಯಾವುದೋ ಮಗು ಜೋತುಬಿದ್ದು ಬೊಂಬೆಯ ಹೊಲಿಗೆ ಬಿಚ್ಚಿಹೋಗಿದೆ.

ಒಳಗಿನ ಬೇಕರಿಯ ಹೊವಾ ಎಂಬಾಕೆ ಮಾಂಸ-ಆಲೂಗಡ್ಡೆ ತುಂಬಿದ ಬಿಸಿ ಪೇಸ್ಟಿಯೊಂದನ್ನು ಕಾಗದದಲ್ಲಿ ಸುತ್ತಿ ತಂದು ಪಕ್ಕದಲ್ಲಿಡುತ್ತಾಳೆ.

"ಏನು, ಹಕ್ಕಿಗೆ ಆಪರೇಷನ್ನಾ? ಮೊದಲು ಡಾಕ್ಟರಮ್ಮ ತಿನ್ಲಿ."

"ಇವನಿಗೇ ಕೊಡು ಮಾರಾಯ್ತಿ. ನನಗಿಂತ ಬಾಯಿ ದೊಡ್ಡದು ಇವನಿಗೆ."

ಹಕ್ಕಿಯ ಹೆಸರು ಕ್ಲ್ಯಾರಿ. ದಕ್ಷಿಣ ಆಸ್ಟ್ರೇಲಿಯಾದಲ್ಲಿ ಟೀವಿ ಇರುವ ಮನೆಯ ಯಾವ ಮಗುವನ್ನು ಕೇಳಿದರೂ ಕ್ಲ್ಯಾರಿ ಗೊತ್ತು. ಹಲ್ಲುಜ್ಜುವ ಬ್ರಷ್ಷಿನ ಮೇಲೆ, ಮೊಸರಿನ ಡಬ್ಬಿಯ ಮೇಲೆ, ಚಡ್ಡಿಯ ಮೇಲೆ ಅವನಿದ್ದಾನೆ. ಅವನನ್ನು ಹೆತ್ತ ಈ ಅರವತ್ತೊಂದರ ಹೆಂಗಸು ಮಾತ್ರ ಯಾರಿಗೂ ಗೊತ್ತಿಲ್ಲ. ಕಪ್ಪು ಪರದೆಯ ಹಿಂದೆ ಮಂಡಿಯೂರಿ, ಸುಮಾರು ಮೂರು ಕೆಜಿ ತೂಕದ ಬೊಂಬೆಯನ್ನು ತಲೆಯ ಮೇಲೆತ್ತಿ ಹಿಡಿದು ಇಪ್ಪತ್ತೆರಡು ನಿಮಿಷ ಆಡಿಸುವುದು ಅವರ ಕೆಲಸ. ದಿನಕ್ಕೆ ನಾಲ್ಕು ಆಟ. ಶಾಲೆಯ ರಜೆಯ ಎರಡು ವಾರ ಬಿಡುವಿಲ್ಲ. ಬಲಭುಜ ಎಂದೋ ಹೋಗಿದೆ; ರಾತ್ರಿ ಆ ಮಗ್ಗುಲಲ್ಲಿ ಮಲಗಿ ಆರು ವರ್ಷವಾಯಿತು.

ಕ್ಲ್ಯಾರಿ ಹುಟ್ಟಿದ್ದು ಒಂದು ಹಳದಿ ಮಳೆಕೋಟಿನಿಂದ. ನೆರಿಡಾ ಆಗ ಹಳ್ಳಿಗಳಿಗೆ ಪುಸ್ತಕ ಒಯ್ಯುವ ಲೈಬ್ರರಿ ಗಾಡಿಯಲ್ಲಿದ್ದರು. ಹದಿನೈದು ದಿನಕ್ಕೊಮ್ಮೆ ಹನ್ನೊಂದು ಊರು. ಕಾರೂಂಡದಲ್ಲಿ, ಲಮೆರೂನಲ್ಲಿ ಗೋಧಿ ಹೊಲಗಳ ಮಧ್ಯೆ ಗಾಡಿ ನಿಂತರೆ ಮಕ್ಕಳು ಹತ್ತುತ್ತಿದ್ದರು. ಓದಲು ಬಾರದ ಮಕ್ಕಳು ಪುಸ್ತಕದ ಹತ್ತಿರ ಬರಲು ನಾಚುತ್ತಿದ್ದರು. ಅವರಿಗಾಗಿ ನೆರಿಡಾ ಹರಿದ ಕೋಟನ್ನು ಕತ್ತರಿಸಿ ದೊಡ್ಡ ಕೊಕ್ಕು ಮಾಡಿದರು, ಹಾಸಿಗೆಯ ಸ್ಪಂಜು ತುಂಬಿದರು. ಮಕ್ಕಳು ಕೊಕ್ಕಿನೊಳಗೆ ತಲೆ ತೂರಿಸಿ ಏನೇನೋ ಪಿಸುಗುಟ್ಟುತ್ತಿದ್ದರು.

"ನಾನು ಕಥೆ ಹೇಳೋಕೆ ಅಂತ ಮಾಡಿದ್ದು. ಅವರಿಗೆ ಕಥೆ ಬೇಡ್ವಾಗಿತ್ತು. ಹೇಳ್ಕೊಳ್ಳೋಕೆ ಒಂದು ಜಾಗ ಬೇಕಾಗಿತ್ತು" ಎನ್ನುತ್ತಾರೆ. "ಕುರಿಮರಿ ಸತ್ತಿದ್ದು, ಹಾಸಿಗೇಲಿ ಉಚ್ಚೆ ಹೊಯ್ದಿದ್ದು, ಅಪ್ಪ ಹೊಡೆದಿದ್ದು. ಕ್ಲ್ಯಾರಿ ಎಲ್ಲಾ ಗುಳುಂ ಅಂತ ನುಂಗ್ತಿದ್ದ. ಒಂದು ಮಾತೂ ಹೊರಗೆ ಬರ್ತಿರ್ಲಿಲ್ಲ. ಏಟಿನ ಮಾತಾದ್ರೆ ಮಾತ್ರ ಮಗೂನ ಕೇಳ್ಕೊಂಡು ಟೀಚರ್ ಹತ್ರ ಕರ್ಕೊಂಡು ಹೋಗ್ತಿದ್ದೆ."

ಹದಿನೇಳು ವರ್ಷಗಳ ನಂತರ ಗಾಡಿಯ ಓಡಾಟವೇ ನಿಂತುಹೋಯಿತು. ಇನ್ನೈದು ವರ್ಷಕ್ಕೆ ಮೆಲ್ಬರ್ನಿನಿಂದ ಒಂದು ಕಂಪನಿಯವರು ಬಂದರು. ಕ್ಲ್ಯಾರಿಯನ್ನು ಟೀವಿಗೆ ಹಾಕುತ್ತೇವೆ, ಹನ್ನೊಂದು ಊರಲ್ಲ, ದೇಶದ ಎಲ್ಲ ಮಕ್ಕಳೂ ನೋಡುತ್ತಾರೆ ಎಂದರು. ನೆರಿಡಾಗೆ ಆಗ ಯಾವ ಕಷ್ಟವೂ ಇರಲಿಲ್ಲ, ಯಾರ ಒತ್ತಾಯವೂ ಇರಲಿಲ್ಲ. ಅದನ್ನು ಅವರೇ ಒತ್ತಿ ಹೇಳುತ್ತಾರೆ. "ಖುಷಿಯಿಂದ ಸಹಿ ಹಾಕ್ದೆ. ಆವತ್ತು ಸಂಜೆ ಕೇಕ್ ಬೇರೆ ಮಾಡಿದ್ದೆ."

ಸಹಿ ಹಾಕಿದ ಕರಾರು ಏನು ಹೇಳುತ್ತಿತ್ತು ಎಂಬುದು ಎರಡು ವರ್ಷದ ಮೇಲೆ ತಿಳಿಯಿತು. ಮೊಮ್ಮಗಳ ಶಿಶುವಿಹಾರಕ್ಕೆ ಹಳೆಯ ಮಳೆಕೋಟಿನ ಬೊಂಬೆಯನ್ನು ಒಯ್ದು ಅರ್ಧ ಗಂಟೆ ಆಡಿಸಿದ್ದಕ್ಕೆ ವಕೀಲರಿಂದ ಪತ್ರ ಬಂತು. ಕ್ಲ್ಯಾರಿಯ ಮುಖ, ನಡಿಗೆ, ಧ್ವನಿ ಎಲ್ಲವೂ ಕಂಪನಿಯ ಸ್ವತ್ತು. ಅನುಮತಿಯಿಲ್ಲದೆ ಯಾರೂ ಆಡಿಸುವಂತಿಲ್ಲ. ನೆರಿಡಾ ಹಳೆಯ ಬೊಂಬೆಯನ್ನು ಕಪಾಟಿನಲ್ಲಿಟ್ಟು, ಕಂಪನಿಯ ಬೊಂಬೆ ಆಡಿಸುವ ಕೆಲಸಕ್ಕೆ ಅರ್ಜಿ ಹಾಕಿದರು. ಸಂದರ್ಶನ ಮಾಡಿದ ಹುಡುಗ ಕೇಳಿದನಂತೆ: "ಈ ಪಾತ್ರದ ಪರಿಚಯ ಇದೆಯಾ?"

ಈಗಿನ ಆಟದಲ್ಲಿ ಕ್ಲ್ಯಾರಿಗೆ ಮಾಲಿನಲ್ಲಿರುವ ಕಂಪನಿಯ ಅಂಗಡಿಯ ಹದಿನಾಲ್ಕು ಸಾಮಾನುಗಳ ಹೆಸರು ಹೇಳಲಿಕ್ಕಿದೆ. ಆಟದ ಕೊನೆಗೆ ಮಕ್ಕಳು ಆಸೆಯ ಚೀಟಿಯಲ್ಲಿ ತಮಗೆ ಬೇಕಾದ ಆಟಿಕೆಯ ಚಿತ್ರಕ್ಕೆ ಗುರುತು ಹಾಕಿ ಕೊಕ್ಕಿನೊಳಗೆ ಹಾಕಬೇಕು. ಹಾಕಿದೊಡನೆ ಮೇಲ್ವಿಚಾರಕಿ ಟೀಗನ್ ಕೈಲಿರುವ ಗುಂಡಿ ಒತ್ತುತ್ತಾಳೆ. ನೆರಿಡಾ ಹಿಂದೆ ಅಡಿಲೇಡಿನಲ್ಲಿ ರೆಕಾರ್ಡ್ ಮಾಡಿಕೊಟ್ಟ ಸಾಲು ಅವರದೇ ಧ್ವನಿಯಲ್ಲಿ ಮೊಳಗುತ್ತದೆ: "ಓಹೋ! ಅದು ನಮ್ಮ ಅಂಗಡೀಲೇ ಇದೆ! ಅಪ್ಪ-ಅಮ್ಮನ್ನ ಕೇಳು!"

ಇವತ್ತಿನಿಂದ ಒಂದು ಬದಲಾವಣೆ. ಮಕ್ಕಳು ಆಸೆಯನ್ನು ಬಾಯಲ್ಲಿ ಹೇಳಿದರೆ ತಂದೆ-ತಾಯಿ ಇಲ್ಲ ಎನ್ನುವುದು ಕಷ್ಟ ಎಂದು ಯಾರೋ ಕಂಡುಕೊಂಡಿದ್ದಾರೆ. ಅದಕ್ಕೇ ಕೊಕ್ಕಿನೊಳಗೆ ಮೈಕು. ಮಗು ಹೇಳಿದ್ದು ಇಡೀ ಸಭೆಗೆ ಕೇಳುತ್ತದೆ. ನೆರಿಡಾರ ಎಡಗಾಲ ಬಳಿ ಒಂದು ಸ್ವಿಚ್ಚಿದೆ. "ಯಾರಾದ್ರೂ ಕೆಟ್ಟ ಮಾತು ಆಡಿದ್ರೆ ಮಾತ್ರ ಆಫ್ ಮಾಡಿ" ಎಂದು ಟೀಗನ್ ಎರಡೆರಡು ಸಲ ಹೇಳಿದ್ದಾಳೆ.

ಹತ್ತು ಗಂಟೆಯ ಆಟಕ್ಕೆ ಇನ್ನೂರು ಜನ. ಆಟ ಮುಗಿದು ಮಕ್ಕಳ ಸಾಲು ಶುರುವಾಗುತ್ತದೆ. ಒಬ್ಬನಿಗೆ ಕ್ಲ್ಯಾರಿಯ ದೋಣಿ ಬೇಕು, ಒಬ್ಬಳಿಗೆ ಹೊಳೆಯುವ ಚಪ್ಪಲಿ ಬೇಕು. ಜನ ನಗುತ್ತಾರೆ, ಗುಂಡಿ ಒತ್ತಲಾಗುತ್ತದೆ. ಐದನೆಯವಳು ಕೆಂಪು ಗಂಬೂಟಿನ ಪುಟ್ಟ ಹುಡುಗಿ. ಅವಳ ಕೈಲಿ ಚೀಟಿಯಿಲ್ಲ. ಬಂದವಳೇ ಎರಡೂ ಕೈಯಿಂದ ಕೊಕ್ಕು ಅಗಲಿಸಿ ತಲೆ ಪೂರ್ತಿ ಒಳಗೆ ತೂರಿಸುತ್ತಾಳೆ. ಇಪ್ಪತ್ತು ವರ್ಷದಿಂದ ಯಾವ ಮಗುವೂ ಹಾಗೆ ಮಾಡಿದ್ದಿಲ್ಲ.

"ಅಮ್ಮ ನಮ್ಮನೆಗೆ ವಾಪಸ್ ಬರ್ಬೇಕು" ಎಂಬ ಪಿಸುಮಾತು ಮಾಲಿನ ಛಾವಣಿಯ ಹನ್ನೆರಡು ಸ್ಪೀಕರುಗಳಿಂದ ಬರುತ್ತದೆ. "ಅಪ್ಪ ಸ್ನಾನದ ಮನೇಲಿ ನಲ್ಲಿ ಬಿಟ್ಕೊಂಡು ಅಳ್ತಾನೆ. ಯಾರಿಗೂ ಹೇಳ್ಬೇಡ."

ಮರುಕ್ಷಣ ನೆರಿಡಾರ ಧ್ವನಿಯೇ ಮೊಳಗುತ್ತದೆ: "ಓಹೋ! ಅದು ನಮ್ಮ ಅಂಗಡೀಲೇ ಇದೆ!"

ಯಾರೋ ಒಬ್ಬರು ತಡೆಯಲಾರದೆ ನಕ್ಕುಬಿಡುತ್ತಾರೆ. ಟೀಗನ್ ಬಿಳಿಚಿಕೊಂಡು ಗುಂಡಿಯಿಂದ ಕೈ ಕಿತ್ತುಕೊಳ್ಳುತ್ತಾಳೆ. ಮಾತು ಮುಗಿದೊಡನೆ ಒತ್ತುವುದು ಅವಳ ಬೆರಳಿಗೆ ಅಭ್ಯಾಸವಾಗಿಹೋಗಿತ್ತು, ಅಷ್ಟೇ.

ನೆರಿಡಾ ತಮ್ಮನ್ನು ಮಾತ್ರ ಅಷ್ಟು ಸುಲಭಕ್ಕೆ ಕ್ಷಮಿಸುವುದಿಲ್ಲ. "ತಲೆ ಒಳಗೆ ತೂರಿಸಿದಾಗಲೇ ನಂಗೆ ಗೊತ್ತಾಯ್ತು, ಇದು ಗುಟ್ಟಿನ ಮಾತು ಅಂತ. ಸ್ವಿಚ್ಚು ಕಾಲ ಹತ್ರಾನೇ ಇತ್ತು. ಕೆಟ್ಟ ಮಾತಿಗೆ ಮಾತ್ರ ಅಂದಿದ್ರಲ್ಲ, ಇದು ಕೆಟ್ಟ ಮಾತಾ ಅಂತ ಯೋಚನೆ ಮಾಡ್ತಾ ಕೂತೆ. ಯೋಚನೆ ಮಾಡ್ತಾ ಕೂತೆ ನಾನು!"

ಹುಡುಗಿಯ ತಂದೆ ಅವಳ ಕೈಹಿಡಿದು ಪರದೆಯ ಹಿಂದೆ ಬರುತ್ತಾನೆ. ಮೂವತ್ತನಾಲ್ಕರ ಜರೆಡ್, ಊರಾಚೆಯ ಮಾಂಸದ ಕಾರ್ಖಾನೆಯಲ್ಲಿ ಕೆಲಸ. ಕಾರೂಂಡದವನು.

"ಮಿಸೆಸ್ ಪಿ? ಇದರೊಳಗೆ ಈಗಲೂ ನೀವೇನಾ?"

"ನಾನೇ ಕಣೋ ಜರೆಡ್."

"ನಾನೇ ಅವಳಿಗೆ ಹೇಳಿಕೊಟ್ಟೆ. ಕ್ಲ್ಯಾರಿ ಹತ್ರ ಏನು ಬೇಕಾದ್ರೂ ಹೇಳು, ಅವನು ಬಾಯಿ ಬಿಡಲ್ಲ ಅಂತ. ನಾನೂ ಹೇಳ್ಕೊಂಡಿರ್ಲಿಲ್ವಾ ಚಿಕ್ಕವನಿದ್ದಾಗ, ನಿಮ್ಮ ಗಾಡೀಲಿ." ಅವನಿಗೆ ಸಿಟ್ಟಿಲ್ಲ. ಸಿಟ್ಟಾದರೂ ಬಂದಿದ್ದರೆ ಎನ್ನಿಸುವಷ್ಟು ಮೆಲ್ಲಗೆ ಮಾತಾಡುತ್ತಾನೆ. "ನಮ್ಮ ಶಿಫ್ಟಿನವರು ಮೂರು ಜನ ಮುಂದಿನ ಸಾಲಲ್ಲೇ ಇದ್ರು. ಸೋಮವಾರ ಹೋಗಿ ಅವರ ಪಕ್ಕ ನಿಂತ್ಕೋಬೇಕು."

"ತಪ್ಪು ನಂದೇ ಕಣಪ್ಪ."

ಹುಡುಗಿ ನೆರಿಡಾರ ಮಡಿಲಲ್ಲಿ ಬಿದ್ದಿರುವ ಕ್ಲ್ಯಾರಿಯನ್ನು ನೋಡುತ್ತಾಳೆ, ಆಮೇಲೆ ಅಂಗಡಿಯ ಕಡೆಗೆ.

"ಯಾವ ಕಡೆ ಇದ್ದಾಳೆ ಅಮ್ಮ? ಅಂಗಡೀಲಿ ಇದ್ದಾಳೆ ಅಂದ್ನಲ್ಲ ಕ್ಲ್ಯಾರಿ."

ಜರೆಡ್ ಅವಳನ್ನು ಎತ್ತಿಕೊಂಡು ಹೊರಟುಬಿಡುತ್ತಾನೆ. ಅವನ ಹೆಗಲ ಮೇಲಿಂದ ಅವಳು ಇನ್ನೂ ಅಂಗಡಿಯೊಳಗೆ ಇಣುಕುತ್ತಲೇ ಇದ್ದಾಳೆ.

ಹನ್ನೊಂದೂವರೆಯ ಆಟಕ್ಕೆ ನೆರಿಡಾ ಮತ್ತೆ ಮಂಡಿಯೂರುತ್ತಾರೆ. ಉಳಿದ ಮೂರೂ ಆಟಗಳಲ್ಲಿ, ಮಗುವೊಂದು ಧ್ವನಿ ತಗ್ಗಿಸಿದರೆ ಸಾಕು, ಅವರ ಕಾಲು ಸ್ವಿಚ್ಚು ಒತ್ತಿ ಮೈಕನ್ನು ಆರಿಸುತ್ತದೆ. ಅಂಥದ್ದು ಒಂಬತ್ತು ಸಲವಾಯಿತು. ಟೀಗನ್ ಎಣಿಸಿದ್ದಾಳೆ; ಎಣಿಸುವುದು ಅವಳ ಕೆಲಸ. ನಾಲ್ಕು ಗಂಟೆಗೆ ಮೆಲ್ಬರ್ನಿನಿಂದ ಫೋನು ಬರುತ್ತದೆ. ಬೆಳಗಿನ ಘಟನೆಗೆ ವಿಷಾದವಿದೆ. ಆದರೆ ಮಕ್ಕಳು ಆಸೆ ಹೇಳುವ ವಿಡಿಯೋಗಳನ್ನು ಜನ ತುಂಬ ಮೆಚ್ಚುತ್ತಿದ್ದಾರೆ, ಮೈಕು ತೆಗೆಯಲಾಗದು. ಸೋಮವಾರದಿಂದ ಸ್ವಿಚ್ಚು ಟೀಗನ್ ಕೈಲಿರುತ್ತದೆ.

"ನಂಗೇನೂ ಇದು ಬೇಕಾಗಿಲ್ಲ ನೆರಿಡಾ" ಎಂದು ಟೀಗನ್ ನೆಲ ನೋಡುತ್ತಾಳೆ.

"ಗೊತ್ತು ಪುಟ್ಟಿ. ನಂಗೂ ಬೇಕಾಗಿರ್ಲಿಲ್ಲ."

ಯಾಕೆ ಬಿಡುವುದಿಲ್ಲ ಈ ಕೆಲಸ? ನೆರಿಡಾ ಬೊಂಬೆಯನ್ನು ಮೆಲ್ಲಗೆ ಪೆಟ್ಟಿಗೆಗೆ ಇಳಿಸುತ್ತಾರೆ. "ನಾನು ಬಿಟ್ರೆ ಅವನೊಳಗೆ ಇನ್ಯಾರದೋ ಕೈ ಬರುತ್ತೆ. ಅಷ್ಟಕ್ಕೇ ಇದ್ದೀನಿ ಅಂದ್ಕೊಂಡಿದ್ದೆ. ಇವತ್ತು ನನ್ನ ಕೈಯೇ ಇತ್ತಲ್ಲ, ಏನಾಯ್ತು? ಅದೇ ಆಯ್ತು."

ಫೋನಿನಲ್ಲಿ ಅವರು ಒಂದೇ ಒಂದು ಕೋರಿಕೆ ಇಟ್ಟಿದ್ದರು. ಆಟದ ಕೊನೆಗೆ, ಮಕ್ಕಳ ಸಾಲು ಶುರುವಾಗುವ ಮುಂಚೆ, ಕ್ಲ್ಯಾರಿಯ ಬಾಯಲ್ಲಿ ಒಂದು ಸಾಲು ಸೇರಿಸಬೇಕು ಎಂದು. ಕ್ಲ್ಯಾರಿ ಮಕ್ಕಳ ಗೆಳೆಯ, ಗೆಳೆಯ ಹಾಗೆ ಹೇಳುವುದಿಲ್ಲ ಎಂದು ಕಂಪನಿಯವರು ಒಪ್ಪಲಿಲ್ಲ.

ಯಾವ ಸಾಲು ಎಂದರೆ, ಪೆಟ್ಟಿಗೆಯ ಮುಚ್ಚಳದ ಮೇಲೆ ಕೈಯೂರಿಕೊಂಡೇ ಕ್ಲ್ಯಾರಿಯ ದಪ್ಪ ಧ್ವನಿಯಲ್ಲಿ ಹೇಳಿ ತೋರಿಸುತ್ತಾರೆ:

"ನಂಗೆ ಏನೂ ಹೇಳ್ಬೇಡಿ ಮಕ್ಕಳೇ. ಅಜ್ಜೀಗೆ ಹೇಳಿ, ಟೀಚರ್‌ಗೆ ಹೇಳಿ, ಯಾರೂ ಸಿಗದಿದ್ರೆ ನಿಮ್ಮ ನಾಯಿಗೆ ಹೇಳಿ. ನಂಗೆ ಮಾತ್ರ ಬೇಡ."