ಡಾಕ್ಟರಮ್ಮನ ‘ಯು ನೋ’

ಎರಡನೆಯ ಮಹಾಯುದ್ಧ ಶುರುವಾಗಿ ಎರಡು ವರ್ಷವಾಗಿತ್ತು. ಕಲಬುರ್ಗಿಯಲ್ಲಿ ಮೆಟ್ರಿಕ್ ಮುಗಿಸಿದ ನಾನು ಹನುಮಸಾಗರದಲ್ಲಿ ಹೊಸದಾಗಿ ಮಾಸ್ತರನಾಗಿದ್ದೆ. ಊರಲ್ಲಿ ಇಂಗ್ಲಿಷ್ ಬಲ್ಲವನು ನಾನೊಬ್ಬನೇ ಎಂಬ ಜಂಬ ಬೇರೆ.

ಹೆರಿಗೆಗೆ ಬಂದಿದ್ದ ನನ್ನ ಅಕ್ಕ ಶಾಂತವ್ವನಿಗೆ, ಮಗು ಹುಟ್ಟಿದ ಐದನೆಯ ದಿನ ಭೇದಿ ಹತ್ತಿತು. ಮೂರು ದಿನವಾದರೂ ನಿಲ್ಲಲಿಲ್ಲ. ಕಣ್ಣು ಗುಳಿಬಿದ್ದವು, ಮಗುವಿಗೆ ಹಾಲೂಡಿಸಲೂ ಶಕ್ತಿಯಿರಲಿಲ್ಲ. ಅಂದು ಕುಷ್ಟಗಿಗೆ ಹೊರಟಿದ್ದ ಇಂಗ್ಲಿಷ್ ಡಾಕ್ಟರಮ್ಮ ಒಬ್ಬರ ಮೋಟಾರು ನಮ್ಮೂರಲ್ಲಿ ನಿಂತಿತು. ಓಡಿಹೋಗಿ ಕರೆತಂದೆ.

ಅವರು ಅಕ್ಕನನ್ನು ಪರೀಕ್ಷಿಸಿ, ಒಂದು ಕಂದು ಸೀಸೆಯನ್ನು ನನ್ನ ಕೈಗಿಟ್ಟು, ಹೊರಡುತ್ತಲೇ ಹೇಳಿದರು: "ಜಸ್ಟ್ ಎ ಫ್ಯೂ ಡ್ರಾಪ್ಸ್, ಎವ್ರಿ ಸೋ ಆಫನ್, ಯು ನೋ."

ಹನಿ ಎಂಬುದೊಂದು ಗೊತ್ತಾಯಿತು. ಎಷ್ಟು ಹನಿ, ಎಷ್ಟು ಹೊತ್ತಿಗೊಮ್ಮೆ? ಆಗಾಗ ಎಂಬರ್ಥದ ‘ಎವ್ರಿ ಸೋ ಆಫನ್’ ನಾನು ಓದಿದ ಪುಸ್ತಕಗಳಲ್ಲಿ ಇರಲಿಲ್ಲ. ಮೇಲಾಗಿ ‘ಯು ನೋ’, ಅಂದರೆ ನಿನಗೆ ಗೊತ್ತು ಎಂದುಬಿಟ್ಟಿದ್ದರು; ಅದು ಬರಿಯ ಮಾತಿನ ರೂಢಿಯೆಂದು ನನಗಾಗ ತಿಳಿದಿರಲಿಲ್ಲ. ಗೊತ್ತಿಲ್ಲ ಎನ್ನುವುದು ಹೇಗೆ? "ಯೆಸ್ ಮೇಡಂ" ಎಂದು ತಲೆಯಾಡಿಸಿದೆ.

ಬಾಗಿಲಲ್ಲಿದ್ದ ಸೂಲಗಿತ್ತಿ ಯಲ್ಲವ್ವ ಕೇಳಿದಳು: "ಎಷ್ಟ್ ಹನಿ ಹಾಕ್ಬೇಕಂತ್ರಿ, ಮಾಸ್ತರ?"

"ಒಂದಿಷ್ಟು ಹಾಕ್ರಿ ಅಂದ್ರು."

"ಒಂದಿಷ್ಟು ಅಂದ್ರ ಎಷ್ಟರಿ? ನಿಮಗೂ ತಿಳಿದಿಲ್ಲ, ಹೌದಿಲ್ರಿ?"

ಆಕೆ ನನ್ನ ಕೈಯಿಂದ ಸೀಸೆ ತೆಗೆದುಕೊಂಡು, ಮೊರದಲ್ಲಿದ್ದ ಜೋಳ ಒಂದು ಹಿಡಿ ತುಂಬಿಕೊಂಡು, ಹೋಗಿ ಡಾಕ್ಟರಮ್ಮ ಹತ್ತಿ ಕೂತಿದ್ದ ಮೋಟಾರಿನ ಮುಂದೆಯೇ ನಿಂತಳು. ನಾನೂ ಹಿಂದೆಯೇ ಓಡಿದೆ. ಡ್ರೈವರ್ ಗದರಿದರೂ ಕದಲಲಿಲ್ಲ.

"ಬಾಯಾರ, ನಿಮ್ಮ ಮಾತು ನನಗ ತಿಳಿಯಂಗಿಲ್ಲ. ಎಷ್ಟ್ ಹನಿ, ಎಣಿಸಿ ಕೊಡ್ರಿ" ಎಂದು ಸೀಸೆ ತೋರಿಸಿ, ಕಿಟಕಿಯ ಬಳಿ ಬಂದು ಜೋಳವನ್ನು ಅವರ ಅಂಗೈಗೆ ಸುರಿದಳು. ಆಮೇಲೆ ಬೆರಳನ್ನು ಆಕಾಶದಲ್ಲಿ ಮೂಡಣದಿಂದ ಪಡುವಣಕ್ಕೆ ನಿಧಾನವಾಗಿ ಸರಿಸಿದಳು.

ಡಾಕ್ಟರಮ್ಮ ನನ್ನನ್ನೊಮ್ಮೆ ನೋಡಿದರು. ಸಿಟ್ಟಾಗಲಿಲ್ಲ. ಕೆಳಗಿಳಿದು, ಐದು ಕಾಳು ಎಣಿಸಿ ಯಲ್ಲವ್ವನ ಕೈಗಿಟ್ಟರು. ಬೆಳಗ್ಗೆ, ಮಧ್ಯಾಹ್ನ, ಸಂಜೆ ಸೂರ್ಯ ಇರುವ ಕಡೆ ಬೆರಳು ಮಾಡಿದರು. ನನಗೂ ಬಿಡಿಸಿ ಹೇಳಿದರು: ಇದರಲ್ಲಿ ಅಫೀಮಿದೆ, ಹೆಚ್ಚಾದರೆ ಉಸಿರೇ ನಿಲ್ಲಬಹುದು. ಅವಸರದಲ್ಲಿ ಮನೆಯವರೊಡನೆ ಆಡುವಂತೆ ಆಡಿಬಿಟ್ಟೆ, ತಪ್ಪು ನನ್ನದೇ ಎಂದರು.

ನಾನಾಗಿದ್ದರೆ ಅರ್ಧ ಚಮಚ ಕುಡಿಸಿರುತ್ತಿದ್ದೆ.

ಎರಡೇ ದಿನದಲ್ಲಿ ಅಕ್ಕ ಎದ್ದು ಕೂತಳು. ಯಲ್ಲವ್ವ ಈ ವಿಷಯವನ್ನು ಯಾರ ಮುಂದೆಯೂ ಆಡಿ ತೋರಿಸಲಿಲ್ಲ. ನಾನೇ ಹೋಗಿ ತಪ್ಪೊಪ್ಪಿಕೊಂಡಾಗ, "ಕೇಳಾಕ ಎಂಥಾ ನಾಚಿಕಿರಿ? ನಿಮ್ಮಕ್ಕನ ಜೀವ ಹೋಗಾದಿತ್ತು" ಎಂದಳು, ಅಷ್ಟೆ.

ಸಹಿ ಮಾಡಲೂ ಬಾರದ ಆಕೆಯಷ್ಟು ಧೈರ್ಯವಾಗಿ ‘ತಿಳಿಯಲಿಲ್ಲ’ ಎನ್ನುವವರನ್ನು ನಾನು ಮತ್ತೆ ಕಂಡಿಲ್ಲ. ಆ ಒಂದು ಮಾತು ಕಲಿಯಲು ನನಗೆ ಆಮೇಲೂ ಬಹಳ ವರ್ಷ ಹಿಡಿಯಿತು.