ಕಳ್ಳರಿಗೂ ಬೇಡವಾದ ಚಪ್ಪಲಿ

ನಿಮ್ಮ ಮನೆಯ ಬಾಗಿಲಲ್ಲಿ ಚಪ್ಪಲಿಗಳು ಜೋಡಿಜೋಡಿಯಾಗಿ ಇರುತ್ತವಲ್ಲವೇ? ಅಲ್ಲಾಳಸಂದ್ರದ ನಮ್ಮ ಮನೆಯಲ್ಲಿ ಹಾಗಿರಲಿಲ್ಲ. ನನ್ನನ್ನು ಸಾಕಿದ ದೊಡ್ಡಮ್ಮನ ಎಡಗಾಲಿನ ಹವಾಯಿ ಚಪ್ಪಲಿಗಳು ಗೋಡೆಗುಂಟ ಸಾಲಾಗಿ, ಒಂಟಿಒಂಟಿಯಾಗಿ ಕೂತಿರುತ್ತಿದ್ದವು. ಬಲಗಾಲಿನವು ಹೊರಅಂಚಿನಲ್ಲೇ ಸವೆದು ಸವೆದು, ತಿಂದುಬಿಟ್ಟ ಕಲ್ಲಂಗಡಿ ಸಿಪ್ಪೆಯಂತಾಗಿ ಎಂದೋ ತಿಪ್ಪೆ ಸೇರಿರುತ್ತಿದ್ದವು. ಎಡದ್ದನ್ನೂ ಎಸೆಯೋಣವೆಂದರೆ ದೊಡ್ಡಮ್ಮ ಬಿಡುತ್ತಿರಲಿಲ್ಲ. "ಅದೇನ್ ತಪ್ಪು ಮಾಡೈತೆ?" ಎನ್ನುವಳು.

ತಪ್ಪೆಲ್ಲ ಬಲಗಾಲಿನದು. ಹರೆಯದಲ್ಲಿ ಹುಣಸೆಮರದಿಂದ ಬಿದ್ದು ತೊಡೆಯ ಮೂಳೆ ಮುರಿದುಕೊಂಡಾಗ ಊರಿನಲ್ಲಿ ಯಾರೋ ಸೊಪ್ಪು ಅರೆದು ಹಚ್ಚಿ, ಬಿದಿರಿನ ದಬ್ಬೆ ಇಟ್ಟು ಕಟ್ಟಿದರು. ಮೂಳೆ ಕೂಡಿತು, ಆದರೆ ತನಗೆ ತೋಚಿದ ದಿಕ್ಕಿನಲ್ಲಿ. ಆ ಕಾಲಿನಲ್ಲೇ ಮನೆಮನೆಗೆ ಹಾಲು ಹಾಕಿ ನನ್ನನ್ನು ಓದಿಸಿದಳು. ನಮ್ಮ ವಂಶದಲ್ಲಿ ಮೊದಲು ಬಿಎಸ್ಸಿ ಮಾಡಿದವಳು ನಾನು. ಇದನ್ನು ಹೇಳದೆ ಯಾವ ಮಾತನ್ನೂ ಮುಗಿಸುವ ಸಂಯಮ ನನಗಿಲ್ಲ, ಕ್ಷಮಿಸಿ. ನಾನು ಶೆಟ್ಟಿಹಳ್ಳಿಯ ಶಾಲೆಯಲ್ಲಿ ಗಣಿತದ ಮೇಡಂ ಆಗುವ ಹೊತ್ತಿಗೆ ದೊಡ್ಡಮ್ಮನ ಮಂಡಿ ಪೂರ್ತಿ ಹೊರಕ್ಕೆ ಬಾಗಿ, ಕಾಲು ಬ್ರಾಕೆಟ್ಟಿನ ಒಂದು ಬದಿಯಂತಾಗಿತ್ತು.

ಅದರಿಂದ ಒಂದೇ ಲಾಭ. ದೇವಸ್ಥಾನವಿರಲಿ, ಮದುವೆ ಛತ್ರವಿರಲಿ, ಅವಳ ಚಪ್ಪಲಿಯನ್ನು ಯಾರೂ ಮುಟ್ಟುತ್ತಿರಲಿಲ್ಲ. ಮೆಟ್ಟಿದ್ದರೆ ನಾಲ್ಕು ಹೆಜ್ಜೆಯೊಳಗೆ ಚರಂಡಿಗೆ ವಾಲುತ್ತಿದ್ದರು. ನನ್ನ ಚಪ್ಪಲಿ ಕಳುವಾದಾಗಲೆಲ್ಲ, "ನಿಂದು ಕದಿಯಂಗೈತೆ, ನಂದ್ ನೋಡು, ಕಳ್ರೂ ಬ್ಯಾಡ ಅಂತಾರೆ" ಎಂದು ನಗುವಳು. ನಕ್ಕ ಮೇಲೆ ಬಲಗಾಲಿನದರ ಸವೆದ ಅಂಚನ್ನು ಬೆರಳಿನಿಂದ ಸವರುವಳು.

ಕೊನೆಗೆ ಆ ಕಾಲು ಮೆಟ್ಟಿಲನ್ನೇ ಹತ್ತಲಾರೆ ಎಂದು ಮುಷ್ಕರ ಹೂಡಿದಾಗ, ಹೆಬ್ಬಾಳದ ಕಡೆಯ ಒಂದು ಆಸ್ಪತ್ರೆಗೆ ಹೋದೆವು. ಸೊಂಟದಿಂದ ಪಾದದವರೆಗಿನ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದ ಡಾಕ್ಟರು, ಹೊಸ ಮಂಡಿ ಕೂರಿಸುವುದು ಕಷ್ಟವಲ್ಲ, ನೇರ ಹುಡುಕುವುದೇ ಕಷ್ಟ ಎಂದರು. ಸಾಮಾನ್ಯವಾಗಿ ತೊಡೆಮೂಳೆಯ ಪೊಳ್ಳಿನೊಳಗೆ ಉದ್ದನೆಯ ಸರಳು ತೂರಿಸಿ, ಅದು ತೋರಿಸಿದ ನೇರದಲ್ಲಿ ಮೂಳೆಯ ತುದಿ ಕೊಯ್ಯುತ್ತಾರಂತೆ. ದೊಡ್ಡಮ್ಮನ ಡೊಂಕು ಮೂಳೆಯಲ್ಲಿ ಸರಳು ಹೋಗದು. ಹೋದರೂ ಸುಳ್ಳು ಹೇಳೀತು. ಅದಕ್ಕೆ ಮೂಳೆಗೆ ಗುರುತಿನ ಕಡ್ಡಿಗಳನ್ನು ಸಿಕ್ಕಿಸಿ, ಕಾಲನ್ನು ಸುತ್ತ ತಿರುಗಿಸಿದರೆ, ಆ ಕಡ್ಡಿಗಳು ಸುತ್ತಿದ ದಾರಿಯನ್ನು ಕ್ಯಾಮೆರಾದ ಕಣ್ಣಿನಿಂದ ನೋಡಿದ ಕಂಪ್ಯೂಟರು ಸೊಂಟದ ಕೀಲಿನ ನಟ್ಟನಡುವನ್ನು ಲೆಕ್ಕ ಹಾಕುತ್ತದೆ. ಅಲ್ಲಿಂದ ಪಾದದ ಕೀಲಿಗೆ ಗೆರೆ ಎಳೆದುಕೊಂಡು ಕೊಯ್ಯುವುದು. ನಾನು ಕುರ್ಚಿಯಲ್ಲೇ ಹಿಗ್ಗಿದೆ. ಕಂಸದಿಂದ ವೃತ್ತದ ಕೇಂದ್ರ ಹುಡುಕುವುದು! ನಾನೇ ಮಕ್ಕಳಿಗೆ ಬಡಿದು ಕಲಿಸುವ ಪಾಠ!

"ಇನ್ನೊಂದು ಪ್ರಶ್ನೆ ಇದೆ" ಎಂದರು ಡಾಕ್ಟರು. "ಅಮ್ಮನ ಎಡಗಾಲು ಮೊದಲಿಂದ್ಲೂ ಒಂಚೂರು ಬಾಗಿದೆ. ಬಲಗಾಲನ್ನ ಪೂರ್ತಿ ನೇರ ಮಾಡ್ಬೇಕಾ, ಅಥವಾ ಅದರ ಥರಾನೇ ಒಂಚೂರು ಬಾಗು ಬಿಡ್ಬೇಕಾ? ಪೂರ್ತಿ ನೇರ ಅಂದ್ರೆ ಒಳಗಡೆ ಬಿಗಿದಿರೋ ಲಿಗಮೆಂಟ್ ಜಾಸ್ತಿ ಬಿಡಿಸ್ಬೇಕಾಗತ್ತೆ. ಆಮೇಲೆ ಮಂಡಿ ಲೊಡಲೊಡ ಅನ್ನಬಹುದು."

"ಪೂರ್ತಿ ನೇರ ಮಾಡಿ ಡಾಕ್ಟ್ರೇ" ಎಂದೆ. "ಗೆರೆ ಅಂದ್ಮೇಲೆ ಗೆರೆ."

"ಸುಮ್ಕಿರಮ್ಮಿ, ಇದು ನಿನ್ ಬೋರ್ಡಲ್ಲ, ನನ್ ಕಾಲು" ಎಂದು ದೊಡ್ಡಮ್ಮ ನನ್ನ ಪದವಿಯನ್ನು ಪಕ್ಕಕ್ಕೆ ತಳ್ಳಿದಳು. "ನೋಡಿ ಸ್ವಾಮಿ, ಎಡಗಾಲು ಇಷ್ಟ್ ವರ್ಸ ಇದ್ರ ಭಾರನೂ ಹೊತ್ತೈತೆ. ಅದ್ಕೆ ಜೊತೆಯಾಗಂಗೆ ಮಾಡಿ, ಸಾಕು. ಯಾರ್ದೋ ಕಾಲು ತಂದಿಕ್ಬ್ಯಾಡಿ."

ಡಾಕ್ಟರು ನಕ್ಕು, ತಮ್ಮ ಮನಸ್ಸಿನಲ್ಲಿದ್ದುದೂ ಅದೇ ಎಂದರು. ನಾನೊಬ್ಬಳೇ ಮುಖ ಗಂಟಿಕ್ಕಿಕೊಂಡು ಹೊರಬಂದೆ.

ಓದಿದವರಿಗೆ ನೇರದ ಹುಚ್ಚು ಸ್ವಲ್ಪ ಜಾಸ್ತಿ, ಗೆಳೆಯರೇ. ಅಡಿಪಟ್ಟಿ ಕೈಗೆ ಬಂದೊಡನೆ ಕೆರೆಯ ದಂಡೆಯೂ ಸೊಟ್ಟ, ಅಜ್ಜಿಯ ಮಾತೂ ಸೊಟ್ಟ, ನಾವು ಹುಟ್ಟಿದ ಬೀದಿಯೂ ಸೊಟ್ಟ. ನಾನೂ ಕಾಲೇಜು ಸೇರಿದ ಹೊಸತರಲ್ಲಿ 'ಓಗು' ಎಂದ ದೊಡ್ಡಮ್ಮನನ್ನು 'ಹೋಗು' ಎಂದು ತಿದ್ದಿದ್ದೆ. ಅವಳು ಆ ಶುದ್ಧ ಹಕಾರದಲ್ಲೇ ನನಗೆ 'ಆಚೆಗೆ ಹೋಗು' ಎಂದಿದ್ದಳು. ಆಪರೇಷನ್ನಿನ ದಿನ ಹೊರಗೆ ಬೆಂಚಿನ ಮೇಲೆ ಕೂತಾಗ ಮಾತ್ರ, ಗೆರೆ ಹಾಳಾಗಲಿ, ಅವಳು ನಡೆದರೆ ಸಾಕು ಎನಿಸಿತು. ನಮ್ಮ ಹೆಬ್ಬಾಳದ ಫ್ಲೈಓವರೇ ನೋಡಿ, ಎಷ್ಟು ಬಳುಕಿದರೂ ಜನರನ್ನು ದಾಟಿಸುತ್ತದೆ, ನಿಧಾನವಾಗಿಯಾದರೂ.

ದೊಡ್ಡಮ್ಮ ನಡೆದಳು. ಮೊದಲು ವಾಕರಿನಲ್ಲಿ, ಆಮೇಲೆ ಕೋಲಿನಲ್ಲಿ, ಆಮೇಲೆ ನನ್ನನ್ನು ಬೈಯುತ್ತ ಬರಿಗೈಯಲ್ಲಿ.

ಕೆಲವು ತಿಂಗಳ ಮೇಲೆ, ಪಕ್ಕದ ಬೀದಿಯ ಛತ್ರದಲ್ಲಿ ಒಂದು ಮದುವೆ. ಊಟ ಮುಗಿಸಿ ಹೊರಬಂದರೆ ನನ್ನ ಚಪ್ಪಲಿ ಇತ್ತು, ಆಪರೇಷನ್ ಆದ ಮೇಲೆ ಕೊಂಡಿದ್ದ ದೊಡ್ಡಮ್ಮನ ಜೋಡಿ ಇಲ್ಲ. ಹುಡುಕಿದೆವು. ಕುರ್ಚಿಗಳ ಕೆಳಗೆ ಬಗ್ಗಿ ನೋಡಿದೆವು. ಇಲ್ಲ. ನಾನು ಬೈಗುಳಕ್ಕೆ ಸಿದ್ಧಳಾಗಿ ನಿಂತೆ.

"ಕದ್ದವ್ರೆ ಕಣಮ್ಮಿ!" ಎಂದಳು. ಅವಳ ಮುಖ ನೋಡಬೇಕಿತ್ತು ನೀವು. ರ‍್ಯಾಂಕ್ ಬಂದ ಮಕ್ಕಳ ಮುಖದಲ್ಲೂ ನಾನು ಆ ಕಳೆ ಕಂಡಿಲ್ಲ. "ನನ್ ಚಪ್ಲೀನೂ ಕದ್ದವ್ರೆ!" ಎಂದು ಬಾಗಿಲಲ್ಲಿ ಪನ್ನೀರು ಎರಚುತ್ತಿದ್ದ ಹುಡುಗಿಯರಿಗೂ ಸಾರಿದಳು. ಆಟೋ ಬೇಡವೆಂದು ಬರಿಗಾಲಲ್ಲೇ ಹೊರಟಳು. ಹಿಂದಿನಿಂದ ನೋಡಿದೆ: ಎರಡು ಕಾಲೂ ಒಂಚೂರು ಬಾಗು, ಒಂದೇ ಬಾಗು.

ಮನೆಗೆ ಬಂದವಳೇ ಗೋಡೆಗುಂಟ ಕೂತಿದ್ದ ಎಡಗಾಲಿನ ಒಂಟಿ ಚಪ್ಪಲಿಗಳನ್ನೆಲ್ಲ ಒಂದು ಚೀಲಕ್ಕೆ ತುಂಬಿ, ಎಸೆದು ಬಾ ಎಂದು ನನ್ನ ಕೈಗೆ ಕೊಟ್ಟಳು.

"ಅವೇನ್ ತಪ್ಪು ಮಾಡಿದ್ವು?" ಎಂದೆ, ಬಿಡದೆ.

"ತಪ್ಪೇನಿಲ್ಲ ಕಣಮ್ಮಿ" ಎಂದಳು ಕಾಲು ತೊಳೆಯುತ್ತ. "ಇನ್ಮ್ಯಾಕೆ ಎರಡೂ ಒಟ್ಟಿಗೇ ಸವೀತವೆ."